ಗೌರಿಯ ಕೆನ್ನೆಗೆ ಹಚ್ಚಿದ ಹೂವಿನ ಬಂಡು

ಹೋದ ವಾರ ಜೇನು ಸಾಕುವ ಸಂಘದ ಹೆಣ್ಣುಮಕ್ಕಳು ಮನೆಗೆ ಬಂದು ಒಂದು ಗಾಜಿನ ಬಾಟಲಿಯನ್ನು ನನ್ನ ಕೈಗಿಟ್ಟರು. ಒಳಗೆ ಸಾಸಿವೆ ಕಾಳಿನಂಥ ಹರಳುಗಳು. ಕೆಲವು ಹಳದಿ, ಕೆಲವು ಕಿತ್ತಳೆ, ಅಲ್ಲೊಂದು ಇಲ್ಲೊಂದು ಬೂದು ಬಣ್ಣದವು. ಜೇನುಹುಳ ಹೂವಿಂದ ಹೂವಿಗೆ ಹೋಗಿ ಹಿಂಗಾಲಿಗೆ ಮೆತ್ತಿಕೊಂಡು ಗೂಡಿಗೆ ತರುವ ಪುಡಿ ಅದು. ಓದಿದವರು ಪರಾಗ ಅನ್ನುತ್ತಾರೆ, ನಾವು ಬಂಡು ಅನ್ನುತ್ತಿದ್ದೆವು. ಬಾಟಲಿಗೆ ಅಂಟಿಸಿದ್ದ ಚೀಟಿಯ ಮೇಲೆ "ಶಕ್ತಿಗೆ, ರಕ್ತಕ್ಕೆ, ಮುಖಕಾಂತಿಗೆ" ಎಂದು ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು.

"ಅಜ್ಜಿ, ನೀವು ಜೇನಿನ ಕೆಲ್ಸದಲ್ಲೇ ತಲೆ ನೆರೆಸ್ಕೊಂಡೋರು. ಇದ್ನ ತಿಂದ್ರೆ ರಕ್ತ ಆಯ್ತದಾ? ಮೊಕಕ್ಕೆ ಹಚ್ಚಿದ್ರೆ ಕಾಂತಿ ಬತ್ತದಾ? ತಗೊಳ್ಳೋರು ಕೇಳಿದ್ರೆ ಏನ್ ಯೋಳನ?"

ಬರುತ್ತದೆ ಅಂದೆ. ಅಂದ ಮೇಲೆ ಗೌರಿಯ ಮುಖ ನೆನಪಾಗಿ, ಇಲ್ಲ, ಬರುವುದಿಲ್ಲ ಅಂದೆ. ಆಮೇಲೆ, ಒಂದು ಸಲ ಬಂದಿತ್ತು, ಆದರೆ ಅದು ಕಾಂತಿಯಲ್ಲ ಅಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಫಿ ಕುಡಿದು ಹೋದರು. ಮುದುಕಿಗೆ ಬುದ್ಧಿ ಜಾರಿದೆ ಅಂದುಕೊಂಡಿರಬೇಕು. ಬುದ್ಧಿ ಇನ್ನೂ ನೆಟ್ಟಗಿದೆ, ನಂಜುಂಡೇಶ್ವರನ ದಯೆ. ಆದರೆ ಈ ಒಂದು ಪ್ರಶ್ನೆಗೆ ಉತ್ತರ ಆವತ್ತೂ ನನ್ನ ಬಳಿ ನೆಟ್ಟಗಿರಲಿಲ್ಲ, ಈವತ್ತೂ ಇಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ನೋಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನಿಮಗೆ ಉಪಯೋಗವಾದರೆ ಆಗಲಿ.

ನಾನು ಹಂಗಳದ ಸೊಸೆ. ರೊಟ್ಟಿ ತಟ್ಟುವುದು, ಹಸು ಕರೆಯುವುದು, ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಬೆಟ್ಟದ ಕಡೆ ತಿರುಗಿ ಗೋಪಾಲಸ್ವಾಮಿಗೂ ಒಂದು ಕೈಮುಗಿಯುವುದು, ಇಷ್ಟೇ ನನ್ನ ಲೋಕವಾಗಿತ್ತು. ರಾಜ್ಯ ಒಂದಾಗುವ ಮಾತು ಪೇಪರಿನಲ್ಲಿ ಬರುತ್ತಿದ್ದ ಕಾಲ. ಚಾಮರಾಜನಗರದಿಂದ ಬಸ್ಸಿನಲ್ಲಿ ಒಬ್ಬರು ಇನ್‌ಸ್ಪೆಕ್ಟರು ಬರತೊಡಗಿದರು. ಬಸ್ಸಿನ ಮೇಲೆ ಮರದ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಜೇನುಹುಳಗಳು, ಬಾಗಿಲಿಗೆ ಹುಲ್ಲಿನ ಬಿರಡೆ. ಊರವರು ಅವರನ್ನು ಜೇನುಸಾಹೇಬರು ಅನ್ನುತ್ತಿದ್ದರು. ಕಾಡಿನ ಜೇನನ್ನು ಮನೆಯ ಹಿತ್ತಲಲ್ಲೇ ಸಾಕಬಹುದು ಎಂದು ಅವರು ಹೇಳಿದ್ದಕ್ಕೆ ನಮ್ಮ ಯಜಮಾನರು ಹುರುಪಿನಿಂದ ಒಂದು ಪೆಟ್ಟಿಗೆ ಇಳಿಸಿಕೊಂಡರು. ಮುಚ್ಚಳ ತೆಗೆದ ಮೊದಲ ದಿನವೇ ಒಂದು ಹುಳ ಅವರ ಕಣ್ಣಿನ ರೆಪ್ಪೆಗೆ ಕುಟುಕಿತು.

"ತಗದು ಆಚ್ಗೆ ಎಸಿ ಇದ್ನ!" ಎಂದು ಕಣ್ಣು ಮುಚ್ಚಿಕೊಂಡು ಕೂಗಿದರು.

"ಕಣ್ಣು ಬುಟ್ರೆ ತಾನೆ ಎಲ್ಲಿ ಎಸೀಬೇಕು ಅಂತ ತೋರ್ಸೋದು?" ಎಂದರು ನಮ್ಮತ್ತೆ.

ಎಸೆಯುವುದಕ್ಕೂ ಯಾರಾದರೂ ಹತ್ತಿರ ಹೋಗಬೇಕಲ್ಲ. ಹೋದವಳು ನಾನು. ಪೆಟ್ಟಿಗೆಯೊಳಗಿಂದ ಬರುವ ಗುಂಯ್ ಸದ್ದು ಪೂಜೆಯ ಹೊತ್ತಿನ ಜಪದ ಹಾಗೆ ಕೇಳಿ, ಎಸೆಯುವುದಕ್ಕೆ ಮನಸ್ಸು ಬರದೆ ಬಿಲ್ವದ ಗಿಡದ ಕೆಳಗೆ ಇಟ್ಟೆ. ಹಾಗೆ ಶುರುವಾಯಿತು. ಕೆಲವು ತಿಂಗಳ ಮೇಲೆ ಸಾಹೇಬರಿಗೆ ಒಂದು ತೊಡಕು ಬಂತು. ಪೆಟ್ಟಿಗೆ ಇರುವುದು ಹಿತ್ತಲಿನಲ್ಲಿ, ಹಿತ್ತಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು, ಹೊರಗಿನ ಗಂಡಸನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. "ನೀವೇ ಬನ್ನಿ ತಾಯಿ" ಎಂದು ನನ್ನನ್ನು ಜೊತೆಗೆ ಹಾಕಿಕೊಂಡರು. ಸರ್ಕಾರಿ ಕಾಗದದಲ್ಲಿ ನನ್ನ ಕೆಲಸಕ್ಕೆ ಏನೇನೋ ಹೆಸರಿತ್ತು, ಆಮೇಲೆ ಆ ಹೆಸರು ದೊಡ್ಡದಾಗುತ್ತಲೂ ಹೋಯಿತು. ಅದನ್ನು ಬಿಡಿ. ಗುಂಡ್ಲುಪೇಟೆಯಿಂದ ಹರವೆಯ ತನಕ ಎಲ್ಲರಿಗೂ ನಾನು ಜೇನಮ್ಮ.

ಬಂಡಿನ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಗೌರಿಹಬ್ಬಕ್ಕೆ ಮನೆಯೆಲ್ಲ ಸಾರಿಸಿ ಸುಣ್ಣ ಬಳಿದಾದ ಮೇಲೆ, ಪೆಟ್ಟಿಗೆಯನ್ನೂ ಒಂದು ಸಲ ಶುಚಿ ಮಾಡೋಣ ಅನ್ನಿಸಿತು. ತೆರೆದು ನೋಡಿದರೆ ಹುಳ ಕಟ್ಟಿದ ಮೇಣದ ತಟ್ಟೆಯ ಒಂದು ಭಾಗದಲ್ಲಿ ಜೇನುತುಪ್ಪವಿಲ್ಲ, ಹಳದಿ ಹಿಟ್ಟು ಗಿಡಿದ ಹಾಗೆ ಕೂತಿದೆ. ಮೂಸಿದರೆ ಹುಳಿ ವಾಸನೆ. ಹಬ್ಬದ ಮನೆಯಲ್ಲಿ ಇದೇನು ಗಲೀಜು ಅಂದುಕೊಂಡು ಕಡ್ಡಿಯಿಂದ ಎಲ್ಲವನ್ನೂ ಗೀಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪಾತ್ರೆ ತೊಳೆದಿಟ್ಟಷ್ಟು ಚೊಕ್ಕಟವಾಗಿ ಇಟ್ಟೆ. ಹಬ್ಬ ಮುಗಿಯುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಹುಳವೆಲ್ಲ ಎದ್ದು ಕಾಡಿನ ಕಡೆ ಹೋಗಿಬಿಟ್ಟಿತ್ತು.

ಸಾಹೇಬರು ಬಂದು ನೋಡಿ ತಲೆ ಹಿಡಿದುಕೊಂಡರು. "ಅಲ್ಲ ತಾಯಿ, ಅದು ಅವುಗಳ ಮರಿಗಳ ಊಟ. ನಿಮ್ಮ ಮಗು ತಿನ್ನೋ ಅನ್ನದ ತಪ್ಪಲೆಯನ್ನ ಹಬ್ಬ ಅಂತ ಯಾರಾದರೂ ತಿಪ್ಪೆಗೆ ಬೋರಲು ಹಾಕಿದರೆ ನೀವು ಆ ಮನೆಯಲ್ಲಿ ಇರ್ತೀರಾ?"

ಈ ಮಾತನ್ನು ನೀವು ಮರೆಯಬಾರದು. ಈಗ ಗೂಡಿನ ಬಾಗಿಲಿಗೇ ಜಾಲರಿ ಕಟ್ಟುತ್ತೀರಿ, ಹುಳ ನುಸುಳುವಾಗ ಕಾಲಿನ ಬಂಡು ತಾನಾಗಿ ಉದುರುತ್ತದೆ. ಕೈಗೆ ಚೊಕ್ಕಟ, ಕಣ್ಣಿಗೆ ಚಂದ. ಆದರೆ ಜಾಲರಿಯನ್ನು ಮಧ್ಯಾಹ್ನ ತೆಗೆದಿಡಿ. ಮಳೆಗಾಲದಲ್ಲಿ ಕಟ್ಟಲೇಬೇಡಿ. ನೀವು ಬಾಟಲಿಗೆ ತುಂಬುತ್ತಿರುವುದು ಇನ್ನೊಬ್ಬರ ಮಕ್ಕಳ ತುತ್ತು.

ಖಾಲಿಯಾದ ಪೆಟ್ಟಿಗೆಗೆ ಮತ್ತೆ ಹುಳ ತುಂಬಿಸಿಕೊಟ್ಟವರೂ, ಬಂಡನ್ನು ಮನುಷ್ಯರೂ ತಿನ್ನಬಹುದು ಎಂದು ನನಗೆ ಮೊದಲು ಹೇಳಿದವರೂ ಸಾಹೇಬರೇ. ಗುಂಡ್ಲುಪೇಟೆಯ ಒಂದು ಮನೆಯ ಜಗಲಿಯಲ್ಲಿ ಹೆಂಗಸರನ್ನು ಸೇರಿಸಿ, ಅಂಗೈ ಮೇಲೆ ಒಂದಿಷ್ಟು ಇಟ್ಟುಕೊಂಡು ಹೇಳಿದರು. ಬೇಳೆಯಲ್ಲಿರುವಂಥ ಸತ್ವ ಇದರಲ್ಲಿದೆ, ರಕ್ತಕ್ಕೆ ಒಳ್ಳೆಯದು, ಮೈಗೆ ಕಸುವು, ಹೊರದೇಶದಲ್ಲಿ ಹೆಂಗಸರು ಇದನ್ನು ಕೆನೆಯಲ್ಲಿ ಕಲಸಿ ಮುಖಕ್ಕೂ ಹಚ್ಚುತ್ತಾರಂತೆ ಎಂದರು. ನಾನೇ ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುತ್ತೇನೆ ಎಂದೂ ಸೇರಿಸಿದರು. ಸಾಹೇಬರು ನುಗ್ಗೇಕಾಯಿಯ ಹಾಗೆ ಸಣಕಲು. ಅಂಗಿಯೊಳಗೆ ಇನ್ನೊಬ್ಬರು ಇರಬಹುದಾಗಿತ್ತು.

ಹಿಂದಿನಿಂದ ಒಂದು ದನಿ ಬಂತು: "ಇಷ್ಟು ಕಸುವು ತಿಂದೂ ಸಾಯೇಬ್ರು ಇಂಗವ್ರಲ್ಲ, ತಿನ್ದೆ ಇದ್ದಿದ್ರೆ ಎಂಗಿರೋರೋ!"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಅದು ಅವರ ದೊಡ್ಡ ಗುಣ. ಆದರೆ ಮುಂದಿನ ಪ್ರಶ್ನೆಗೆ ಅವರ ನಗು ನಿಂತಿತು.

"ಅದು ಉಷ್ಣವೋ ಶೀತವೋ?"

"ಎರಡೂ ಅಲ್ಲಮ್ಮ. ಪೌಷ್ಟಿಕ."

"ಅದೆಂಗಾದದು? ಉಷ್ಣ ಆದ್ರೆ ಬಾಣ್ತಿಗೆ ಕೊಡನ, ಶೀತ ಆದ್ರೆ ಬ್ಯಾಸ್ಗೇಲಿ ತಿನ್ನನ. ಎಲ್ಡೂ ಅಲ್ದಿದ್ದು ಹೊಟ್ಟೇಲಿ ಏನ್ಮಾಡದು, ಸುಮ್ಕೆ ಕೂತಿರದಾ?"

ಒಬ್ಬರು, ಜೇನು ಉಷ್ಣ, ಆದ್ದರಿಂದ ಇದೂ ಉಷ್ಣ ಎಂದರು. ಇನ್ನೊಬ್ಬರು, ಹೂವು ತಂಪು, ಆದ್ದರಿಂದ ಇದು ಶೀತ ಎಂದರು. ಎರಡೂ ಸರಿ ಅನ್ನಿಸಿತು. ಅಲ್ಲಿಂದಲೇ ನನ್ನ ಗೊಂದಲ ಶುರುವಾದದ್ದು.

ಅದಕ್ಕಿಂತ ದೊಡ್ಡ ಗೊಂದಲ ಶೀಲದ್ದು, ತಿನ್ನಬಹುದೋ ಬಾರದೋ ಅನ್ನುವುದು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹುಳದ ಕಾಲಿಗೆ ಅಂಟಿ ಬಂದದ್ದು ಹೂವಿನದೋ, ಹುಳದ್ದೋ? ನಮ್ಮ ಮನೆಗೆ ಭಿಕ್ಷಕ್ಕೆ ಬರುತ್ತಿದ್ದ ಅಯ್ಯನವರನ್ನು ಕೇಳಿದೆ. ಅವರು ವಿಭೂತಿ ಹಚ್ಚಿದ ಹಣೆಯನ್ನು ಬೆರಳಲ್ಲಿ ಉಜ್ಜಿಕೊಂಡು ಯೋಚಿಸಿದರು. "ಹೂವಿನ ದೂಳು ಅಂದ್ಮೇಲೆ ಹೂವೇ. ಹೂವ ಲಿಂಗಕ್ಕೇ ಏರಿಸ್ತೀವಿ. ತಿನ್ನಬಹುದು. ಆದರೆ ಹುಳದ ಎಂಜಲು ಸೇರಿರ್ತದೆ. ಹಂಗಾದ್ರೆ ಕೂಡದು. ಆದರೆ ಜೇನುತುಪ್ಪಕ್ಕೂ ಎಂಜಲು ಸೇರಿರ್ತದೆ, ಅದನ್ನ ಅಭಿಷೇಕ ಮಾಡ್ತೀವಲ್ಲ." ಕೊನೆಗೆ, "ಮನಸ್ಸು ಒಪ್ಪಿದ್ರೆ ತಿನ್ನವ್ವ. ಸಂಶಯ ಬಂದ್ರೆ ಬುಡು. ನನ್ನ ಕೇಳ್ಬೇಡ" ಎಂದು ಜೋಳಿಗೆ ಎತ್ತಿಕೊಂಡು ಹೊರಟರು. ನಾನು ತಿಂದೆ. ರುಚಿ ಹೇಗಿತ್ತೆಂದರೆ, ಹುರಿಗಡಲೆ ಹಿಟ್ಟಿಗೆ ಒಂದು ಹನಿ ಹುಣಸೆರಸ ಬಿದ್ದ ಹಾಗೆ. ಮೈಗೆ ಏನೂ ಆಗಲಿಲ್ಲ. ಕಸುವು ಬಂತೋ ಎಂದು ಯಜಮಾನರು ಕೇಳಿದರು. ನೀರು ಸೇದುವಾಗ ಗಮನ ಕೊಟ್ಟು ನೋಡಿದೆ, ಹಗ್ಗ ಮುಂಚೆ ಇದ್ದಷ್ಟೇ ಭಾರವಾಗಿತ್ತು.

ಇನ್ನು ಗೌರಿಯ ಸಂಗತಿ.

ನಮ್ಮ ಮನೆಯಿಂದ ಎರಡನೆಯ ಮನೆ ಸಿದ್ದಮ್ಮನದು. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗಳನ್ನು ಬೆಳೆಸಿದವಳು. ಆ ಮಗಳು ಗೌರಿಯನ್ನು ಹರವೆಗೆ ಕೊಟ್ಟಿದ್ದರು. ಮದುವೆಯಾದ ಮೊದಲ ಆಷಾಢಕ್ಕೆ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು ಅನ್ನುವ ಪದ್ಧತಿ ನಿಮಗೂ ಗೊತ್ತು. ಗೌರಿ ತವರಿಗೆ ಬಂದಳು. ಶ್ರಾವಣಕ್ಕೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಶ್ರಾವಣ ಕಳೆಯಿತು. ಗೌರಿಹಬ್ಬ ಬಂತು, ಹೋಯಿತು. ಯಾರೂ ಬರಲಿಲ್ಲ. ದಸರೆಯ ಹೊತ್ತಿಗೆ ಸಂತೆಗೆ ಬಂದವರ ಬಾಯಲ್ಲಿ ಮಾತು ಬಂತು. ಹುಡುಗಿಯ ಮೈಯಲ್ಲಿ ರಕ್ತವೇ ಇಲ್ಲ, ಬಿಳಿಚಿಕೊಂಡಿದ್ದಾಳೆ, ಹೆರುವ ಕಸುವಿಲ್ಲ, ಮೈ ಕೈ ತುಂಬಿಕೊಂಡರೆ ಕರೆಸಿಕೊಳ್ಳೋಣ, ಇಲ್ಲವಾದರೆ ತೆರಕಣಾಂಬಿ ಕಡೆ ಇನ್ನೊಂದು ಹೆಣ್ಣು ನೋಡೋಣ ಎಂದು ಗೌರಿಯ ಗಂಡನ ದೊಡ್ಡಪ್ಪ ಹೇಳಿದ್ದಾರಂತೆ. ಆ ಮನೆಯಲ್ಲಿ ಅವರ ಮಾತೇ ಕೊನೆ. ಗಂಡ ಬಾಯಿ ಬಿಡುವವನಲ್ಲ.

ಗೌರಿ ಬಿಳಿಚಿಕೊಂಡಿದ್ದದ್ದು ನಿಜ. ಹಂಗಳದಲ್ಲಿ ಆಗ ಚಳಿಜ್ವರ ಎಲ್ಲರ ಮನೆಯಲ್ಲೂ ನೆಂಟನ ಹಾಗೆ ಬಂದುಹೋಗುತ್ತಿತ್ತು. ಅವಳನ್ನು ಚಿಕ್ಕಂದಿನಿಂದ ಹಿಡಿದಿತ್ತು. ಮಲೇರಿಯಾದವರು ಊರಿಗೆ ಬಂದು ಗೋಡೆಗೆ ಔಷಧಿ ಹೊಡೆಯತೊಡಗಿದ್ದು ಆಗತಾನೆ. ಅವರು ಬಂದ ದಿನ ಔಷಧಿಗೆ ಹುಳ ಸಾಯದಿರಲಿ ಎಂದು ನಾನು ಪೆಟ್ಟಿಗೆಗೆ ಒದ್ದೆ ಗೋಣಿ ಸುತ್ತಿ ಹೊಲಕ್ಕೆ ಹೊತ್ತೊಯ್ದು ಇಡುತ್ತಿದ್ದೆ. ಗೌರಿಗೆ ಗುಳಿಗೆಯನ್ನೂ ಕೊಟ್ಟುಹೋಗಿದ್ದರು.

ಸಿದ್ದಮ್ಮ ಬಂದು ನನ್ನ ಹಿತ್ತಲಿನ ಕಲ್ಲಿನ ಮೇಲೆ ಕೂತಳು.

"ಜೇನಕ್ಕ, ನಿನ್ನ ಪೆಟ್ಗೇಲಿ ರಕ್ತ ಆಗೋ ಪುಡಿ ಅದಂತೆ. ನನ್ನ ಮಗೀಗೆ ಕೊಡು."

"ಕೊಡ್ತೀನಿ ಕಣ. ಆದ್ರೆ ಅದ್ರಿಂದ್ಲೇ ಆಯ್ತದೆ ಅಂತ ನಂಗೊತ್ತಿಲ್ಲ."

"ನಿಂಗೊತ್ತಿಲ್ದೆ ಇರಬೌದು, ಪುಡೀಗೆ ಗೊತ್ತಿರ್ತದೆ. ಕೊಡು."

ಆಗ ಹುಚ್ಚೆಳ್ಳು ಹೂ ಬಿಟ್ಟಿತ್ತು. ಊರ ಸುತ್ತ ಹೊಲವೆಲ್ಲ ಹಳದಿ. ಹುಳಗಳು ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಅವುಗಳಿಗೂ ಸಾಕಾಗಿ ಮಿಗುವಷ್ಟಿತ್ತು. ತಟ್ಟೆಯ ಅಂಚಿನಿಂದ ಮಾತ್ರ ಕಡ್ಡಿಯಲ್ಲಿ ತೋಡಿ, ನೆರಳಲ್ಲಿ ಒಣಗಿಸಿ ಕೊಟ್ಟೆ. ಗೌರಿ ದಿನವೂ ಒಂದು ಚಿಟಿಕೆ ಹಾಲಿನಲ್ಲಿ ತಿಂದಳು. ಅದರ ಜೊತೆಗೆ ನಾನು ಸುಮ್ಮನಿರದೆ, ರಾಗಿಮುದ್ದೆ ಇಷ್ಟೇ ಇಷ್ಟು ಉಣ್ಣಬೇಡ, ಸೊಪ್ಪು ಬಿಡಬೇಡ, ಬೆಲ್ಲ ಕಡಲೆ ತಿನ್ನು ಎಂದು ಗದರುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಅವಳ ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು ಅನ್ನಿಸುತ್ತದೆ. ಬಂದಿತ್ತೋ, ಬರಲಿ ಅಂತ ನಾವು ನೋಡುತ್ತಿದ್ದೆವೋ. ದಿನವೂ ನೋಡುವ ಮುಖದಲ್ಲಿ ಬದಲಾವಣೆ ಕಾಣುವುದು ಕಷ್ಟ.

ಹಬ್ಬ ಮುಗಿದ ಮೇಲೆ ಹರವೆಯಿಂದ ಸುದ್ದಿ ಬಂತು. ಗೌರಿಯ ಅತ್ತೆ ಚೆನ್ನಾಜಮ್ಮನೂ ಆ ದೊಡ್ಡಪ್ಪನೂ ಸೋಮವಾರ ನೋಡಲು ಬರುತ್ತಾರೆ. ಕರೆದುಕೊಂಡು ಹೋಗಲು ಅಲ್ಲ, ನೋಡಲು.

ಸೋಮವಾರ ಬೆಳಿಗ್ಗೆ ನಾನು ಪೂಜೆಯಲ್ಲಿದ್ದೆ. ಸಿದ್ದಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ಜೇನಕ್ಕ, ಬಾ, ಬಾ, ಕೆಟ್ಟೋದೆ."

ಹೋಗಿ ನೋಡಿದರೆ ಗೌರಿಯ ಮುಖ ಗೌರಿಯದಾಗಿರಲಿಲ್ಲ. ಎರಡು ಕೆನ್ನೆಯೂ ಊದಿ ಕೆಂಪಗೆ ದಾಳಿಂಬೆಯ ಹಾಗೆ ಹೊಳೆಯುತ್ತಿದ್ದವು. ತುಟಿ ದಪ್ಪವಾಗಿತ್ತು. ಕಣ್ಣು ಸಣ್ಣದಾಗಿತ್ತು. ಗುಂಡ್ಲುಪೇಟೆಯ ಜಗಲಿಯಲ್ಲಿ ಸಾಹೇಬರು ಹೇಳಿದ್ದ ಕೆನೆಯ ಮಾತು ಯಾರ ಬಾಯಿಂದಲೋ ಸಿದ್ದಮ್ಮನ ಕಿವಿಗೆ ಬಿದ್ದಿತ್ತು. ಕಾಂತಿ ಬರಲಿ ಎಂದು ಉಳಿದಿದ್ದ ಬಂಡನ್ನೆಲ್ಲ ಹಾಲಿನ ಕೆನೆಯಲ್ಲಿ ಕಲಸಿ, ಅರಿಸಿನವನ್ನೂ ಸೇರಿಸಿ, ಬೆಳಗಿನಿಂದ ಮಗಳ ಮುಖಕ್ಕೆ ದಪ್ಪಗೆ ಮೆತ್ತಿ ಕೂರಿಸಿದ್ದಳು.

ಮೊದಲು ಉಸಿರು ನೋಡಿದೆ. "ಗಂಟಲು ಬಿಗೀತದಾ ಮಗಾ? ಎದೆ ಕಟ್ತದಾ?"

"ಇಲ್ಲ ದೊಡ್ಡವ್ವ. ತುರಿ. ಬರೀ ತುರಿ."

ಉಸಿರಿಗೆ ತೊಂದರೆ ಇರಲಿಲ್ಲ. ಆ ದಿನದ ಎಲ್ಲ ದಯೆಗಳಲ್ಲಿ ದೊಡ್ಡದು ಅದು. ಉಸಿರು ಕಟ್ಟಿದ್ದರೆ ಗುಂಡ್ಲುಪೇಟೆಯ ಆಸ್ಪತ್ರೆಗೆ ಗಾಡಿ ಕಟ್ಟಬೇಕಾಗುತ್ತಿತ್ತು. ಬಸ್ಸಿಗೆ ಕಾಯುವಂತಿರಲಿಲ್ಲ. ನಿಮಗೂ ಇದನ್ನೇ ಹೇಳುವುದು. ಮೊದಲು ಉಸಿರು ನೋಡಿ, ಆಮೇಲೆ ಮುಖ. ಬಾವಿಯ ತಣ್ಣೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಹಾಕಿ, ಮತ್ತೆ ತೊಳೆದೆವು. ತುರಿ ಇಳಿಯಿತು. ಊತ ಇಳಿಯಲಿಲ್ಲ. ಗಾಡಿಯ ಗೆಜ್ಜೆ ಸದ್ದು ಬೀದಿಯ ತಿರುವಿನಲ್ಲಿ ಕೇಳಿತು.

"ಒಳಕೋಣೇಲಿ ಕೂರ್ಸು. ಸೆರಗು ಮುಂದುಕ್ಕೆ ಎಳಿ," ಅಂದೆ.

ದೊಡ್ಡಪ್ಪ ಜಗಲಿಯಲ್ಲಿ ಕೂತರು. ಬಿಳಿ ಮೀಸೆ, ಭಾರದ ದನಿ. ಚೆನ್ನಾಜಮ್ಮ ನೇರ ಒಳಗೆ ಬಂದಳು. ಒಣಗಿದ ಮೈಯ, ಚುರುಕು ಕಣ್ಣಿನ ಹೆಂಗಸು. ಗೌರಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಸೆರಗನ್ನು ಒಂದು ಬೆರಳಿನಿಂದ ಸರಿಸಿ, ಬಹಳ ಹೊತ್ತು ನೋಡಿದಳು. ಸಿದ್ದಮ್ಮ ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು. ನಾನು ಮನಸ್ಸಿನಲ್ಲಿ ನಂಜುಂಡನನ್ನು ಬಿಡದೆ ಕರೆಯುತ್ತಿದ್ದೆ. ಮಗಳ ಬಾಳು ಆ ಒಂದು ಬೆರಳಿನ ತುದಿಯಲ್ಲಿ ನಿಂತಿತ್ತು.

ಚೆನ್ನಾಜಮ್ಮ ಸೆರಗು ಬಿಟ್ಟು ಎದ್ದು, ಜಗಲಿಗೆ ಕೇಳುವಂತೆ ಕೂಗಿದಳು:

"ಬಾವಾ! ಬನ್ನಿ ಇಲ್ಲಿ, ನೋಡ್ಬನ್ನಿ! ಎಂಗ್ ತುಂಬ್ಕಂಡವಳೆ ನಿಮ್ಮ ಸೊಸೆ! ಕೆನ್ನೆ ಕೆಂಪು ನೋಡಿ, ಚಿವುಟಿದ್ರೆ ರಕ್ತ ಬಂದದು!"

ದೊಡ್ಡಪ್ಪ ಹೊಸ್ತಿಲ ತನಕ ಬಂದರು. ಸೊಸೆಯಾದವಳ ಮುಖವನ್ನು ಮಾವನ ಸಮಾನದವರು ದಿಟ್ಟಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವರು ಗೋಡೆಯ ಕಡೆ ನೋಡುತ್ತ ನೋಡುತ್ತ ಒಂದು ಕ್ಷಣ ಕಣ್ಣು ಹಾಯಿಸಿದರು. ಕತ್ತಲ ಕೋಣೆಯಲ್ಲಿ, ಸೆರಗಿನ ನೆರಳಿನಲ್ಲಿ, ದುಂಡಗೆ ಕೆಂಪಗೆ ಒಂದು ಕೆನ್ನೆ ಕಂಡಿತು. ಅಷ್ಟೇ.

"ಊಂ," ಎಂದರು. "ಪರವಾಗಿಲ್ಲ. ತವರಿನ ಊಟ ಮೈಗೆ ಹತ್ತಿದೆ."

"ಇವತ್ತು ಸೋಮವಾರ. ಒಳ್ಳೇ ದಿನ. ಮಡಿಲಕ್ಕಿ ಕಟ್ಟಿ ಕಳ್ಸಿ ಸಿದ್ದವ್ವ," ಎಂದಳು ಚೆನ್ನಾಜಮ್ಮ. "ನಾಳೆಗೆ ಅಂತ ನಿಲ್ಸಬ್ಯಾಡಿ."

ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುವಾಗ ಸಿದ್ದಮ್ಮನ ಅವಸರಕ್ಕೆ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಗೌರಿ ನನ್ನ ಕಾಲಿಗೆ ಬಿದ್ದಾಗ ಕಿವಿಯಲ್ಲಿ ಕೇಳಿದಳು: "ದೊಡ್ಡವ್ವ, ಊತ ಇಳಿದ ಮ್ಯಾಕೆ ಏನ್ಮಾಡ್ಲಿ?" ತಲೆ ಸವರಿದೆ. ಗಾಡಿ ಹೋಯಿತು.

ಆಮೇಲಿನ ದಿನಗಳಲ್ಲಿ ನನಗೂ ಸಿದ್ದಮ್ಮನಿಗೂ ಊಟ ಸೇರಲಿಲ್ಲ. ಊತ ಇಳಿದು ಹಳೆಯ ಮುಖ ಹೊರಬಂದಾಗ ಮೋಸ ಮಾಡಿದಿರಿ ಎಂದು ಹುಡುಗಿಯನ್ನು ಅದೇ ಗಾಡಿಯಲ್ಲಿ ವಾಪಸು ತಂದು ಇಳಿಸುತ್ತಾರೆ ಎಂದೇ ನಾವಿಬ್ಬರೂ ಕಾಯುತ್ತಿದ್ದೆವು. ಬೀದಿಯಲ್ಲಿ ಗೆಜ್ಜೆ ಸದ್ದಾದರೆ ಸಿದ್ದಮ್ಮ ಓಡಿ ಬಂದು ನೋಡುವಳು. ಸಾಹೇಬರಿಗೆ ನಡೆದದ್ದನ್ನು ಹೇಳಿದೆ. ಅವರು ಗಂಭೀರವಾಗಿ, ಬಂಡು ಕೆಲವರ ಮೈಗೆ ಒಗ್ಗುವುದಿಲ್ಲ, ಹಾಗಾಗಿರಬಹುದು ಎಂದರು. ಆಮೇಲೆ, ಆದರೆ ತಿಂದಾಗ ಏನೂ ಆಗಲಿಲ್ಲವಲ್ಲ ಎಂದು ಅವರೇ ಅಡ್ಡಮಾತು ತೆಗೆದರು. ಕೆನೆ ಹುಳಿತಿತ್ತೇನೋ, ಅರಿಸಿನ ಹೊಸದೇನೋ, ಬಂಡಿನ ಜೊತೆ ಹುಳದ ಕೊಂಡಿ ಸೇರಿತ್ತೇನೋ ಎಂದು ಒಂದೊಂದೇ ಸೇರಿಸುತ್ತ ಹೋಗಿ, ಕೊನೆಗೆ "ನನಗೆ ಗೊತ್ತಿಲ್ಲ ತಾಯಿ" ಎಂದರು. ಮೇಲಿನವರ ಬಾಯಲ್ಲಿ ಆ ಮಾತನ್ನು ಕೇಳಿದ್ದು ನನ್ನ ಇಡೀ ಕೆಲಸದಲ್ಲಿ ಬಹಳ ಕಮ್ಮಿ. ಅವರ ಮೇಲೆ ಗೌರವ ಹೆಚ್ಚಾಯಿತು, ಆದರೆ ಗೊಂದಲ ಕಮ್ಮಿಯಾಗಲಿಲ್ಲ.

ಗಾಡಿ ವಾಪಸು ಬರಲಿಲ್ಲ. ಚಳಿ ಬಲಿಯುವ ಹೊತ್ತಿಗೆ ಹರವೆಯಲ್ಲಿ ಪೆಟ್ಟಿಗೆ ಕೊಡುವ ಕೆಲಸ ಬಂತು. ಯಾರ ಮನೆಗಳು ಎಂದು ಕೇಳಿದರೆ ಚೆನ್ನಾಜಮ್ಮನ ಮನೆಯ ಹೆಸರೂ ಇತ್ತು. ಹೋಗದೆ ಇರುವಂತಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜಪ ಮಾಡಿಕೊಂಡೇ ಹೋದೆ.

ಬಾಗಿಲಲ್ಲಿ ಗೌರಿಯೇ ನಿಂತಿದ್ದಳು. ಅದೇ ಸಣ್ಣ ಮುಖ, ಅದೇ ತೆಳ್ಳನೆಯ ಮೈ. ಊತದ ಗುರುತೂ ಇರಲಿಲ್ಲ. ಆದರೆ ತುಟಿಯಲ್ಲಿ ಬಣ್ಣವಿತ್ತು, ಈ ಸಲ ಅದು ನನ್ನ ಕಣ್ಣಿನ ಆಸೆಯಲ್ಲ. ನಗುತ್ತ ನೀರು ತರಲು ಒಳಗೆ ಹೋದಳು. ಚೆನ್ನಾಜಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನು ಪೆಟ್ಟಿಗೆ ಇಡುವ ಜಾಗ ನೋಡುವ ನೆಪದಲ್ಲಿ ಅವಳ ಮುಖ ತಪ್ಪಿಸುತ್ತಿದ್ದೆ.

"ಜೇನವ್ವ, ಆವತ್ತು ಮಗೀಗೆ ಏನ್ ಹಚ್ಚಿದ್ರಿ?"

ಹುಳ ಅಡಗಿಸಲು ತಂದಿದ್ದ ಹೊಗೆಡಬ್ಬಿಯನ್ನು ಕೆಳಗಿಟ್ಟೆ. "ನಿಮ್ಗೆ... ಗೊತ್ತಾಗಿತ್ತಾ?"

"ಅಯ್ಯೋ, ನಾ ಎತ್ತಿಲ್ವಾ, ಆಡ್ಸಿಲ್ವಾ? ಊದ್ಕಂಡ ಮೊಕಕ್ಕೂ ತುಂಬ್ಕಂಡ ಮೊಕಕ್ಕೂ ಯತ್ಯಾಸ ಗೊತ್ತಾಗಕಿಲ್ವಾ ಹೆಂಗಸ್ಗೆ? ಬೆರಳು ಮಡಗಿದ್ರೆ ಬಿಸಿ ಸುಡ್ತಿತ್ತು ಕೆನ್ನೆ."

"ಮತ್ತೆ ಯಾಕೆ ಹಂಗಂದ್ರಿ?"

ಚೆನ್ನಾಜಮ್ಮ ಜಗಲಿಯ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದಳು. "ಮಗೀನ ಕರ್ಕಬರಕೆ ನಾನು ಶ್ರಾವಣದಿಂದ ದಾರಿ ಹುಡುಕ್ತಿದ್ದೆ ಕಣವ್ವ. ಎದ್ದು ಬಾ ಅನ್ನೋ ಹಂಗಿಲ್ಲ, ಬಾವನ ಮಾತು ದಾಟೋ ಹಂಗಿಲ್ಲ. ದ್ಯಾವ್ರು ಒಂದು ಕೆಂಪು ಕೆನ್ನೆ ತೋರ್ಸಿದ. ಕೂಗ್ಬುಟ್ಟೆ. ನಾಳೆ ಅಂದಿದ್ರೆ ಇಳ್ದೋಗದು, ಅದ್ಕೇ ಅವತ್ತೇ ಹೊರಡ್ಸ್ದೆ."

ಅವಳ ಕೈ ಹಿಡಿದುಕೊಂಡೆ. ಆ ಒಣಗಿದ ಕೈಯಲ್ಲಿ ಸಗಣಿಯ ವಾಸನೆ ಇತ್ತು. ಅಷ್ಟು ದಿನ ನಾನು ಹೆದರಿದ್ದು ಈ ಕೈಗೇ.

"ಊತ ಇಳಿದ ಮ್ಯಾಲೆ ದೊಡ್ಡಪ್ಪನವ್ರು ಏನೂ ಅನ್ಲಿಲ್ವಾ?"

"ಅವರು ಎಲ್ಲಿ ನೋಡ್ತಾರೆ ಸೊಸೆ ಮೊಕ್ವ! ಮುದ್ದೆ ಬಿಸಿಯಾಗಿದ್ರೆ ಸೊಸೆ ಗಟ್ಟಿಯಾಗವಳೆ ಅಂತ ಅವರ ಲೆಕ್ಕ. ಮುದ್ದೆ ನಾನೇ ತೊಳಸ್ತೀನಿ, ಅವಳು ಬಡಿಸ್ತಾಳೆ."

ಇಬ್ಬರೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕೆವು. ಪೆಟ್ಟಿಗೆಯನ್ನು ದಾಸವಾಳದ ಮರೆಯಲ್ಲಿ ಇಟ್ಟೆ. ಬಿರಡೆ ತೆಗೆದೆ. ಹುಳಗಳು ಹೊರಬಂದು ಗಾಳಿಯಲ್ಲಿ ಸುತ್ತು ಹೊಡೆದು ಜಾಗದ ಗುರುತು ಹಿಡಿಯತೊಡಗಿದವು. ಗೌರಿ ಬಂದು ನನ್ನ ಪಕ್ಕ ಕೂತು ನೋಡುತ್ತಿದ್ದಳು. ಅವಳ ತುಟಿಯ ಬಣ್ಣ ಬಂಡು ತಿಂದದ್ದರಿಂದ ಬಂತೋ, ಗುಳಿಗೆಯಿಂದ ಜ್ವರ ಬಿಟ್ಟು ಬಂತೋ, ನನ್ನ ಸೊಪ್ಪಿನ ಗದರಿಕೆಯಿಂದಲೋ, ಈ ಅತ್ತೆ ತೊಳಸಿಕೊಟ್ಟ ಮುದ್ದೆಯಿಂದಲೋ, ನನಗೆ ಬಿಡಿಸಿ ಹೇಳಲು ಆಗಲಿಲ್ಲ.

ಹೊರಡುವಾಗ ಚೆನ್ನಾಜಮ್ಮ ಬಾಗಿಲ ತನಕ ಬಂದು ಮತ್ತೆ ದನಿ ತಗ್ಗಿಸಿದಳು. "ಜೇನವ್ವ, ಆ ಪುಡಿ ಇನ್ನು ವಸಿ ಇದ್ರೆ ಕೊಡಿ. ನಮ್ಮ ನಾದ್ನಿ ಮಗಳ್ನೂ ಇಂಗೇ ತವರಲ್ಲಿ ಕೂರ್ಸವ್ರೆ. ಅದಕ್ಕೂ ಒಂದಿನ ಕೆನ್ನೆ ಊದ್ಸನ."

"ಅವ್ವಾ, ಅದು ಎಲ್ಲಾರ್ಗೂ ಊದ್ಸಕಿಲ್ಲ. ಗೌರಿಗೆ ಊದಿಸ್ತು, ನಂಗೆ ಏನೂ ಮಾಡ್ನಿಲ್ಲ. ಇನ್ನೊಬ್ಳಿಗೆ ಉಸ್ರೇ ನಿಲ್ಸಬೌದು."

"ಹಂಗಾರೆ ಯಾರ್ಗೆ ಏನ್ ಮಾಡ್ತದೆ ಅದು? ಸರ್ಯಾಗಿ ಯೋಳಿ."

ನನಗೆ ಗೊತ್ತಿಲ್ಲ ಅಂದೆ. ಪುಡಿ ಕೊಡಲಿಲ್ಲ. ಆ ಹುಡುಗಿಯ ತವರು ಯಾವ ಊರು ಎಂದು ಕೇಳಿಕೊಂಡೆ. ಚಾಮರಾಜನಗರದ ದಾರಿಯಲ್ಲೇ ಇತ್ತು. "ಮುಂದಿನ ಸಲ ಪೆಟ್ಟಿಗೆ ತಗೊಂಡು ಆ ಕಡೆ ಹೋಗುವಾಗ ನೀವೂ ನನ್ ಜತೆ ಬನ್ನಿ. ಪುಡಿ ಬ್ಯಾಡ. ಗಂಡನ ಮನೆಯೋರು ನೋಡಕೆ ಬಂದ ದಿನ ಅಲ್ಲಿ ಕೂಗಕೆ ಒಬ್ರು ಬೇಕು" ಅಂದೆ.

ಚೆನ್ನಾಜಮ್ಮ ಸ್ವಲ್ಪ ಯೋಚಿಸಿ, "ಬತ್ತೀನಿ. ನನ್ ಗಂಟ್ಲು ಗಟ್ಟಿ ಅದೆ" ಎಂದಳು. ಬಂದಳು ಕೂಡ.

ಹುಡುಗಿಯರೇ, ನಿಮ್ಮ ಬಾಟಲಿಯನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅದು ಒಳ್ಳೆಯ ಆಹಾರ, ಅದರಲ್ಲಿ ಸಂಶಯವಿಲ್ಲ. ಹುಳ ತನ್ನ ಮರಿಗಳಿಗೆ ಕೊಡುವುದನ್ನು ಕೆಟ್ಟದ್ದು ಅನ್ನಲು ನಾನು ಯಾರು? ಮೊದಲ ದಿನ ಒಂದೇ ಹರಳನ್ನು ನಾಲಿಗೆಯ ಮೇಲೆ ಇಟ್ಟು ನೋಡಿ ಎಂದು ಹೇಳಿ. ಉಬ್ಬಸ ಇರುವವರಿಗೆ, ಬಸುರಿಯರಿಗೆ, ಮೊಲೆ ಕುಡಿಯುವ ಕೂಸಿಗೆ ಮಾರಬೇಡಿ. ಮುಖಕ್ಕೆ ಹಚ್ಚುತ್ತೇನೆ ಅಂದವರಿಗೆ ಮೊದಲು ಮೊಣಕೈ ಸಂದಿಗೆ ಹಚ್ಚಿ ಒಂದು ದಿನ ಕಾಯಲು ಹೇಳಿ. ಚೀಟಿಯ ಮೇಲಿನ ಮೂರು ಮಾತಿನಲ್ಲಿ ಕಡೆಯದನ್ನು ತೆಗೆದುಹಾಕಿದರೆ ನನಗೆ ಸಮಾಧಾನ. ಕಾಂತಿ ಬರುತ್ತದೋ ಇಲ್ಲವೋ ಎಂದು ಯಾರಾದರೂ ಬಿಡದೆ ಕೇಳಿದರೆ ಗೊತ್ತಿಲ್ಲ ಅನ್ನಿ. ಹಾಗಂದು ಸುಮ್ಮನಾಗಬೇಡಿ. ಅದನ್ನು ಹಚ್ಚಿಕೊಳ್ಳುವ ಹುಡುಗಿಯ ಮುಖ ನೋಡಲು ಯಾರು ಬರುತ್ತಿದ್ದಾರೆ, ಯಾವತ್ತು ಬರುತ್ತಿದ್ದಾರೆ ಎಂದು ಕೇಳಿ.